ಮಡಕೆಗೆ ಬಿದ್ದ ಬರಕತ್ತು

ಅಟ್ಲಾಸ್ ಬೆಟ್ಟದ ಆ ಕಣಿವೆಯಲ್ಲಿ ಮುಯ್ಯಾಳಿಗೆ ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ. ಆಲೂಗಡ್ಡೆ ಬಿತ್ತುವ ದಿನ ಮನೆಗೊಬ್ಬರಂತೆ ದುಡಿದುಕೊಡಲು ಬರುತ್ತಾರೆ. ಬರುವಾಗ ತಮ್ಮ ಮನೆಯ ಒಂದು ಬೊಗಸೆ ಬಿತ್ತನೆ ಗಡ್ಡೆ ತಂದು, ಮೊದಲ ಸಾಲಿಗೆ ಹಾಕಿ, ‘ಬರಕತ್ತಾಗಲಿ, ಬೆಳೆ ಹುಲುಸಾಗಲಿ’ ಎನ್ನುತ್ತಾರೆ. ಕೇಳುವುದಕ್ಕೆ ಎಷ್ಟು ಚೆಂದ! ಆ ಚೆಂದವೇ ತೂದಾಳ ಹೊಲವನ್ನು ಹಾಳುಮಾಡಿತ್ತು.

ಗಂಡ ಸತ್ತ ಮೇಲೆ ಅವಳಿಗೆ ಉಳಿದದ್ದು ಅತ್ತೆ ಇಜ್ಜಾ ಮತ್ತು ಆಕ್ರೋಟು ಮರದ ಬುಡದ ಆ ಒಂದೇ ಹೊಲ. ಅದಕ್ಕೆ ಕಪ್ಪು ಹುರುಕಿನ ರೋಗ ಹಿಡಿಯಿತು. ಮೊಳಕೆ ಮಣ್ಣಿನೊಳಗೇ ಕೊಳೆಯುತ್ತಿತ್ತು, ಮೇಲೆ ಬಂದ ಗಿಡ ಎಲೆ ಮುದುರಿಕೊಳ್ಳುತ್ತಿತ್ತು, ಅಗೆದರೆ ಗೋಲಿಯಷ್ಟು ಗಡ್ಡೆ. ಊರವರು ದೃಷ್ಟಿ ತಾಗಿದೆ ಎಂದರು. ತೂದಾ ಮಾತ್ರ ಒಂದನ್ನು ಗಮನಿಸಿದ್ದಳು. ಪ್ರತಿ ವರ್ಷ ಮೊದಲು ಸಾಯುತ್ತಿದ್ದದ್ದು ಮೊದಲ ಸಾಲು, ಬರಕತ್ತಿನ ಸಾಲು.

ಅವಳು ಆಲೂಗಡ್ಡೆಯನ್ನೇ ಬಿಟ್ಟಳು. ತಿನ್ನಲು ಗಡ್ಡೆ ಸಿಗದೆ ಮಣ್ಣಿನೊಳಗಿನ ರೋಗದ ಬೂಷ್ಟು ಸೊರಗಲಿ ಎಂದು ಮೂರು ವರ್ಷ ಬರೀ ಬಾರ್ಲಿ ಬಿತ್ತಿದಳು. ಮೂರು ವರ್ಷ ಬಾರ್ಲಿ ರೊಟ್ಟಿ, ಬಾರ್ಲಿ ಗಂಜಿ. ‘ನಮ್ಮ ಹೇಸರಗತ್ತೆಗೂ ನಿಂಗೂ ಒಂದೇ ಊಟ ಕಣೇ’ ಎಂದು ಬಾವಿಯ ಹತ್ತಿರ ಹೆಂಗಸರು ನಕ್ಕರು. ನಗಲಿ. ನಾಲ್ಕನೆಯ ವಸಂತಕ್ಕೆ ಅವಳು ಕಣಿವೆಯಾಚೆಯ ತವರಿನಿಂದ ನುಣುಪಾದ ಬಿತ್ತನೆ ಗಡ್ಡೆ ತಂದು, ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡಿ ಆರಿಸಿಟ್ಟಳು. ಇನ್ನು ಒಂದು ರೋಗದ ಗಡ್ಡೆ ಬಿದ್ದರೂ ಆ ಮೂರು ವರ್ಷ ಮಣ್ಣುಪಾಲು.

ಬಿತ್ತನೆಯ ದಿನ ಎಲ್ಲರಿಗಿಂತ ಮುಂದೆ ಬಂದವರು ಹಾಜಿ ಬೆನ್ನಾಸರ್. ಊರಿನ ಹಿರಿಯರು, ನೇಗಿಲಿಗೆ ಕಟ್ಟಿದ್ದ ಹೇಸರಗತ್ತೆಗಳೂ ಅವರವೇ. ಮೊದಲ ಬೊಗಸೆ ಹಾಕುವ ಹಕ್ಕೂ ಅವರದು. ಅವರು ನಿಲುವಂಗಿಯ ಮಡಿಲಿನಿಂದ ಗಡ್ಡೆ ತೆಗೆದು ಸಾಲಿನತ್ತ ಬಾಗಿದರು. ತೂದಾ ಹೋಗಿ ಸಾಲಿನಲ್ಲೇ ನಿಂತಳು.

“ಹಾಜಿ ದೊಡ್ಡಪ್ಪ, ಅದು ಮಣ್ಣಿಗೆ ಬೇಡ. ನನ್ನ ಕೈಗೆ ಕೊಡಿ.”

“ಯಾಕೆ ತಾಯಿ? ನನ್ನ ಕೈಗೇನಾಗಿದೆ?”

“ನಿಮ್ಮ ಕೈಗೇನಾಗಿಲ್ಲ. ಗಡ್ಡೆಗಾಗಿದೆ.”

ಅವಳು ಅವರ ಬೊಗಸೆಯಿಂದ ಒಂದು ಗಡ್ಡೆ ತೆಗೆದುಕೊಂಡು ಪಕ್ಕದ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ಹೆಬ್ಬೆರಳಿನಿಂದ ಚೆನ್ನಾಗಿ ತಿಕ್ಕಿದಳು. ಮಣ್ಣು ಹೋಯಿತು. ಸಿಪ್ಪೆಯ ಮೇಲೆ ಕಪ್ಪು ಕಪ್ಪು ಹುರುಕು ಹಾಗೇ ಉಳಿಯಿತು.

“ತೊಳೆದ್ರೂ ಹೋಗದೇ ಇರೋ ಮಣ್ಣು ಯಾವುದು, ನೀವೇ ಹೇಳಿ.”

“ಅಯ್ಯೋ, ನಮ್ಮಪ್ಪನ ಕಾಲದಿಂದಲೂ ಇದೆ ಇದು. ತಿಂದು ನಾವೇನು ಸತ್ವಾ?”

“ನೀವು ಸತ್ತಿಲ್ಲ ದೊಡ್ಡಪ್ಪ, ಗಿಡ ಸಾಯ್ತಿದೆ. ತಿನ್ನೋಕೆ ಚೆನ್ನಾಗೇ ಇರುತ್ತೆ. ಅದಕ್ಕೇ ಹೇಳ್ತಿದ್ದೀನಿ, ಎಲ್ರೂ ತಂದಿದ್ದನ್ನ ಮಡಕೆಗೆ ಹಾಕಿ. ಮಧ್ಯಾಹ್ನಕ್ಕೆ ನಿಮಗೇ ಬಡಿಸ್ತೀನಿ.”

ಬಿತ್ತನೆಯ ಬರಕತ್ತನ್ನು ಬೇಯಿಸುವುದೆಂದರೇನು!

ಹಾಜಿ ನೆಟ್ಟಗೆ ನಿಂತರು. “ನನ್ನ ದುವಾನ ಸಾರು ಮಾಡ್ತೀಯಾ? ಸರಿ ಆಚೆಗೆ.”

“ಸರಿಯೋಲ್ಲ. ಹಾಕಲೇಬೇಕು ಅಂದ್ರೆ ಮೊದಲು ನನ್ನ ಹೂತು ಆಮೇಲೆ ಹಾಕಿ.”

ಹಾಜಿ ಗಡ್ಡೆಗಳನ್ನು ಬಕೆಟ್ಟಿಗೆ ಎಸೆದರು. ನೇಗಿಲು ಬಿಚ್ಚಿ, ಹೇಸರಗತ್ತೆಗಳನ್ನು ಹೊಡೆದುಕೊಂಡು ಹೊರಟೇಬಿಟ್ಟರು. ಹಿಂದೆಯೇ ಗಂಡಸರೆಲ್ಲ ಹೋದರು. ಉಳಿದದ್ದು ನಾಲ್ಕೈದು ಹೆಂಗಸರು ಮತ್ತು ಅತ್ತೆ.

“ಊರ ಮುಂದೆ ನನ್ನ ಮಾನ ಕಳೆದ್ಯಲ್ಲೇ ಮಾರಾಯ್ತಿ,” ಎಂದು ಇಜ್ಜಾ ತಲೆ ಚಚ್ಚಿಕೊಂಡಳು.

“ಮಾನಾನ ಬೇಯಿಸ್ಕೊಂಡು ತಿನ್ನೋಕಾಗುತ್ತಾ ಅತ್ತೆ? ಗುದ್ದಲಿ ಕೊಡಿ ಇಲ್ಲಿ.”

ಇಡೀ ಹೊಲವನ್ನು ಅವರು ಗುದ್ದಲಿಯಲ್ಲೇ ಅಗೆದು ತವರಿನ ಗಡ್ಡೆ ಬಿತ್ತಿದರು. ತೂದಾಳ ಅಂಗೈ ಬೊಬ್ಬೆ ಬಂದು ಒಡೆಯಿತು. ಸಿಟ್ಟೇ ಅವಳನ್ನು ಕೊನೆಯ ಸಾಲಿನವರೆಗೆ ಎಳೆದುಕೊಂಡು ಹೋಯಿತು. ಅಷ್ಟರಲ್ಲಿ ಇಜ್ಜಾ ಗೊಣಗುತ್ತಲೇ ಬಕೆಟ್ಟಿನ ಗಡ್ಡೆ ಹೆರೆದು, ಸಿಪ್ಪೆಯನ್ನು ತಿಪ್ಪೆಗೆ ಹಾಕದೆ ಒಲೆಗೆ ಎಸೆದಳು. ಗೊಬ್ಬರದ ಜೊತೆ ರೋಗ ಮತ್ತೆ ಹೊಲಕ್ಕೇ ಬರುತ್ತದೆಂದು ಸೊಸೆ ಹೇಳಿದ್ದು ಅವಳ ಕಿವಿಗೂ ಬಿದ್ದಿತ್ತು. ಬೆಂದ ಮೇಲೆ ಒಂದು ಬಟ್ಟಲು ತುಂಬಿಸಿಕೊಂಡು ತಾನೇ ಹಾಜಿಯ ಮನೆಗೆ ಒಯ್ದಳು. “ತಗೋಪ್ಪಾ, ನಿನ್ನ ಬರಕತ್ತು. ಉಪ್ಪು ಸರಿಯಾಗಿದೆ.” ಹಾಜಿ ಬಾಗಿಲು ಹಾಕಿಕೊಂಡರು.

ಶರತ್ಕಾಲದಲ್ಲಿ ಆಕ್ರೋಟು ಮರದ ಬುಡದಲ್ಲಿ ಮುಷ್ಟಿಗಾತ್ರದ ಗಡ್ಡೆಗಳು ಎದ್ದವು. ಸಿಪ್ಪೆ ಹೊಳೆಯುತ್ತಿತ್ತು, ಎಲ್ಲೂ ಒಂದು ಕಪ್ಪು ಚುಕ್ಕೆಯಿಲ್ಲ. ತೂದಾ ಹೊಲದ ನಡುವೆ ಕೂತು ಗಟ್ಟಿಯಾಗಿ ಅತ್ತಳು. ಆ ವರ್ಷ ಹಾಜಿಯ ಹೊಲದಲ್ಲಿ ಎದ್ದದ್ದು ಗೋಲಿಗಳೇ.

ಮುಂದಿನ ವಸಂತಕ್ಕೆ ಹಾಜಿಯ ಮನೆಯ ಮುಯ್ಯಾಳು. ಕರೆದಿರಲಿಲ್ಲ, ಆದರೂ ತೂದಾ ಹೋದಳು, ಪದ್ಧತಿಯಂತೆ ತನ್ನ ಬೊಗಸೆ ಗಡ್ಡೆ ಹಿಡಿದುಕೊಂಡು. ಹಾಜಿ ಅವಳ ಮುಖ ನೋಡಲಿಲ್ಲ. ಗಡ್ಡೆ ತೆಗೆದುಕೊಂಡು, ತಿರುಗಿಸಿ ತಿರುಗಿಸಿ ನೋಡಿ, ಉಗುರಿನಿಂದ ಕೆರೆದರು. ಏನೂ ಸಿಗಲಿಲ್ಲ. ಆಮೇಲೆ ಎಲ್ಲರಿಗೂ ಕೇಳುವಂತೆ, “ಮಿಕ್ಕಿದವರದ್ದೆಲ್ಲ ಮಡಕೆಗೆ ಹಾಕಿ. ಇವಳದ್ದು ಮಾತ್ರ ಸಾಲಿಗೆ,” ಎಂದರು.

ಬೇರೆ ಯಾರಾದರೂ ಆಗಿದ್ದರೆ ಅಷ್ಟಕ್ಕೇ ಹಿಗ್ಗಿಹೋಗುತ್ತಿದ್ದರು. ತೂದಾ ಮತ್ತೆ ಸಾಲಿನಲ್ಲಿ ಹೋಗಿ ನಿಂತಳು.

“ನನ್ನದೂ ಬೇಡ. ಈ ಮಣ್ಣಲ್ಲಿ ರೋಗ ತುಂಬಿದೆ ದೊಡ್ಡಪ್ಪ. ನನ್ನ ಗಡ್ಡೆನೂ ಸಾಯುತ್ತೆ.”

“ಅಯ್ಯೋ ನಿನ್ನ! ಹೋದ ವರ್ಷ ನನ್ನದು ಬೇಡ ಅಂದೆ, ಈ ವರ್ಷ ನಿನ್ನದೂ ಬೇಡ ಅಂತೀಯಾ? ಮತ್ತೇನು ಬಿತ್ತಲಿ, ನನ್ನ ತಲೇನಾ?”

“ಬಾರ್ಲಿ. ಮೂರು ವರ್ಷ.”

ಯಾರೋ ಕಿಸಕ್ಕೆಂದರು. ಹಾಜಿ ಎತ್ತಲಿಂದ ನಗು ಬಂತೋ ಅತ್ತ ದುರುಗುಟ್ಟಿ ನೋಡಿದರು, ನಗು ನಿಂತಿತು. ಅವರು ತೂದಾಳ ಗಡ್ಡೆಗಳನ್ನು ಒಂದೊಂದಾಗಿ ಅವಳ ಮಡಿಲಿಗೇ ವಾಪಸ್ಸು ಹಾಕಿದರು.

“ನನಗೆ ಎಂಬತ್ತಾಗ್ತಾ ಬಂತು. ಮೂರು ವರ್ಷ ಇರ್ತೀನೋ ಇಲ್ಲವೋ.”

“ಇರಬೇಕು. ಆಗ ನಾನು ಮತ್ತೆ ಬೊಗಸೆ ತರ್ತೀನಿ, ಅದನ್ನ ಮಣ್ಣಿಗೆ ಹಾಕೋಕೆ ನೀವಿರಬೇಕು.”

ಹಾಜಿ ಕೈಯ ಮಣ್ಣು ಕೊಡವಿದರು. ಆಮೇಲೆ ಮನೆಯತ್ತ ತಿರುಗಿ ಕೂಗಿದರು: “ಯಾರಲ್ಲಿ? ಬಾರ್ಲಿ ಚೀಲ ತಗೊಂಡು ಬನ್ನಿ!”