ಮೂರು ಕೋಟ್ ಮುಲಾಮು

ಪೇಂಟರನ ಮನೆಗೆ ಯಾರೇ ಬರಲಿ, ಚಪ್ಪಲಿ ಬಿಡುವ ಮೊದಲೇ ಮೂಗಿಗೆ ಕೈ ಹೋಗುತ್ತಿತ್ತು. ಬಣ್ಣದ ವಾಸನೆಯಾಗಿದ್ದರೆ ಹೇಗೋ ಸಹಿಸಬಹುದಿತ್ತು. ಇದು ನೋವಿನ ಮುಲಾಮಿನ ಘಾಟು. ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಅವನ ಹೆಂಡತಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ಮೊನ್ನೆ ಗಿರಾಕಿಯೊಬ್ಬಳು ಅಂಗಿ ಮೂಸಿ ನೋಡಿ, "ಹೊಲಿಗೆ ಚೆನ್ನಾಗಿದೆ ಅಕ್ಕಾ. ಆದ್ರೆ ಇದನ್ನ ಹಾಕ್ಕೊಂಡು ಹೋದ್ರೆ ಎಲ್ಲರೂ ನಂಗೇನೋ ಕಾಯಿಲೆ ಅಂದ್ಕೋತಾರೆ" ಅಂದಿದ್ದಳು.

ಇಷ್ಟಕ್ಕೆಲ್ಲ ಕಾರಣ ಗಂಡನ ಬಲ ಭುಜ. ವಾರದಲ್ಲಿ ಆರು ದಿನ ಛಾವಣಿಗೆ ರೋಲರ್ ಎತ್ತುವುದು ಅದೇ ಕೈ. ಏಳನೇ ದಿನ ಮೈದಾನದಲ್ಲಿ ವಾಲಿಬಾಲ್ ಬಡಿಯುವುದೂ ಅದೇ ಕೈ. ಹೋದ ಭಾನುವಾರ ಚೆಂಡಿಗೆ ಎಗರಿ ಭುಜ ಊರಿ ಬಿದ್ದಿದ್ದ. ಅಂದಿನಿಂದ ಶುರುವಾಯಿತು ಈ ಮುಲಾಮಿನ ಕಾಟ.

"ರೀ, ಒಂದ್ಸಲ ಹಚ್ಕೊಂಡ್ರೆ ಸಾಲದಾ? ಅರ್ಧ ಟ್ಯೂಬ್ ಖಾಲಿ ಆಯ್ತಲ್ಲ!"

"ಒಂದ್ ಕೋಟ್ ಹೊಡೆದ್ರೆ ಗೋಡೆನೇ ಕೇಳಲ್ಲ ಕಣೆ, ಭುಜ ಕೇಳತ್ತಾ?" ಅಂದ ಅವನು. "ಮೊದಲು ಕೆಂಪು ಡಬ್ಬಿದು, ಅದು ಪ್ರೈಮರ್. ಮೇಲೆ ಟ್ಯೂಬಿಂದು. ಕೊನೆಗೆ ಲಂಬು ಕೊಟ್ಟ ಎಣ್ಣೆ. ಅದು ಫಿನಿಶಿಂಗು."

ಲಂಬು ಅಂದರೆ ಅವನ ತಂಡದ ಅತಿ ಎತ್ತರದ ಆಟಗಾರ. ಅವನು ಕೊಟ್ಟ ಬಾಟಲಿಯ ಮೇಲೆ ಚೀಟಿಯೂ ಇರಲಿಲ್ಲ, ಹೆಸರೂ ಇರಲಿಲ್ಲ.

"ಅದರಲ್ಲಿ ಏನಿದೆ ಅಂತಾನಾದ್ರೂ ಗೊತ್ತಾ ನಿಮಗೆ?"

"ಉರಿಯತ್ತೆ. ಉರೀತು ಅಂದ್ರೆ ಕೆಲಸ ಮಾಡ್ತಿದೆ ಅಂತ ಅರ್ಥ."

ಇಂಥವನಿಗೆ ಏನು ಹೇಳುವುದು? ಅವಳು ಯಂತ್ರ ತುಳಿಯುತ್ತಿದ್ದಳು. ರಾತ್ರಿಯೆಲ್ಲ ನರಳಾಟ ಕೇಳಿ ಸಾಕಾಗಿ, ತನ್ನ ಹಲ್ಲುನೋವಿಗೆ ಹಿಂದೆ ಡಾಕ್ಟರು ಕೊಟ್ಟಿದ್ದ ಮಾತ್ರೆಗಳು ಡಬ್ಬಿಯಲ್ಲಿ ಉಳಿದಿದ್ದವಲ್ಲ, ಅವನ್ನೇ ಬೆಳಿಗ್ಗೆ ಒಂದು, ಸಂಜೆ ಒಂದು ಅವನ ಕೈಗೆ ಹಾಕತೊಡಗಿದಳು. ನುಂಗಿದ ಮೇಲೆ ಮನುಷ್ಯ ಸುಮ್ಮನಾಗುತ್ತಿದ್ದ. ಹೊಟ್ಟೆ ಉರಿ ಅಂತ ಮಾತ್ರ ಗೊಣಗುತ್ತಿದ್ದ. "ಹೊತ್ತಿಗೆ ಸರಿಯಾಗಿ ಊಟ ಮಾಡಿ, ಎಲ್ಲ ಸರಿಹೋಗತ್ತೆ" ಎಂದು ಅವಳು ಗದರಿಸುತ್ತಿದ್ದಳು.

ಶನಿವಾರ ಬೆಳಿಗ್ಗೆ, ಮಾರನೇ ದಿನದ ಪಂದ್ಯಕ್ಕೆ ಅವನ ಆಟದ ಅಂಗಿ ಸರಿಮಾಡಲು ಅವಳು ಟೇಪು ಹಿಡಿದಳು. "ಕೈ ಎತ್ತಿ" ಅಂದಳು. ಎಡಗೈ ಮೇಲೆ ಹೋಯಿತು. ಬಲಗೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ತೋಳು ಅಳೆದರೆ ಎಡಕ್ಕಿಂತ ಬಲ ಒಂದು ಬೆರಳು ದಪ್ಪ. ಇಪ್ಪತ್ತು ವರ್ಷ ಜನರ ತೋಳು ಅಳೆದವಳು ಅವಳು. ಈ ಕೈ ಹೋದರೆ ಅವನು ಏಣಿ ಹತ್ತುವುದು ಹೇಗೆ?

"ಊದಿದೆ ರೀ. ನಾಳೆ ಆಡ್ಬೇಡಿ. ನಡೀರಿ, ಡಾಕ್ಟರ್ ಹತ್ರ ಹೋಗೋಣ."

"ನಾಳೆ ಹೊತ್ತಿಗೆ ಸರಿಹೋಗತ್ತೆ. ನನ್ನ ಹತ್ರ ಒಂದು ಐಡಿಯಾ ಇದೆ."

ಬಣ್ಣ ಹತ್ತಿದ ಬ್ರಷ್ ಒಣಗದ ಹಾಗೆ ಪೇಂಟರುಗಳು ಪ್ಲಾಸ್ಟಿಕ್ ಸುತ್ತಿಡುತ್ತಾರೆ. ಈ ಮಹಾಶಯ ಮೂರು ಕೋಟ್ ಮುಲಾಮು ಬಳಿದು ಭುಜಕ್ಕೂ ಹಾಗೇ ಬಿಗಿಯಾಗಿ ಪ್ಲಾಸ್ಟಿಕ್ ಸುತ್ತಿದ. ಅದರ ಮೇಲೆ ಬಿಸಿನೀರಿನ ಚೀಲ ಇಟ್ಟು ಕಾಲು ಚಾಚಿ ಕೂತ.

ಅರ್ಧ ಗಂಟೆಗೆ ಕೂಗು ಬಿತ್ತು. ಅವಳು ಓಡಿಬಂದು ಕತ್ತರಿಯಿಂದ ಪ್ಲಾಸ್ಟಿಕ್ ಕತ್ತರಿಸಿದರೆ, ಒಳಗೆ ಚರ್ಮ ಕೆಂಪಗಾಗಿ ಬೊಬ್ಬೆ ಎದ್ದಿತ್ತು. ಉರಿಗೆ ಬಂದ ಕಣ್ಣೀರನ್ನು ಅದೇ ಮುಲಾಮಿನ ಕೈಯಲ್ಲಿ ಒರೆಸಿಕೊಂಡ. ಆಮೇಲೆ ಕಣ್ಣೂ ಹೋಯಿತು ಎಂದು ಕುಣಿದಾಡಿದ. ಅವಳಿಗೆ ಅಳಬೇಕೋ ಬಡಿಯಬೇಕೋ ತಿಳಿಯಲಿಲ್ಲ. ಕಣ್ಣಿಗೆ ನೀರು ಹೊಯ್ದು, ಮಾತ್ರೆ ಮುಲಾಮುಗಳನ್ನು ಚೀಲಕ್ಕೆ ಹಾಕಿಕೊಂಡು, ರಟ್ಟೆ ಹಿಡಿದು, ಬೀದಿ ಕೊನೆಯ ಆರೋಗ್ಯ ಕೇಂದ್ರಕ್ಕೆ ಎಳೆದುಕೊಂಡು ಹೋದಳು.

ಅಲ್ಲಿನ ನರ್ಸಕ್ಕ ಭುಜವನ್ನು ತಣ್ಣೀರಲ್ಲಿ ಸೋಪು ಹಾಕಿ ಮೆಲ್ಲಗೆ ತೊಳೆದರು. ಬೊಬ್ಬೆ ಒಡೆಯದ ಹಾಗೆ ಬಟ್ಟೆ ಮುಚ್ಚಿದರು. ಆಮೇಲೆ ಕನ್ನಡಕದ ಮೇಲಿಂದ ನೋಡಿದರು.

"ಏನಪ್ಪಾ, ಭುಜಕ್ಕೆ ಪೇಂಟ್ ಹೊಡೆದ್ಯಾ?"

"ಹೇಳಿ ಅಕ್ಕಾ, ಬುದ್ಧಿ ಹೇಳಿ! ವಾರದಿಂದ ಬಡ್ಕೊಂಡೆ. ಮೂರು ಮುಲಾಮು ಬಳಿದು, ಪ್ಲಾಸ್ಟಿಕ್ ಸುತ್ತಿ, ಮೇಲೆ ಶಾಖ ಬೇರೆ ಕೊಟ್ಕೊಂಡಿದಾರೆ" ಎಂದಳು ಹೆಂಡತಿ.

"ಮುಲಾಮು ಕೆಟ್ಟದ್ದಲ್ಲ ತಾಯಿ. ಮೈಕೈ ನೋವಿಗೆ ತೆಳ್ಳಗೆ ಒಂದ್ಸಲ ಹಚ್ಕೊಂಡ್ರೆ ಹಾಯ್ ಅನ್ಸತ್ತೆ. ಆದ್ರೆ ಮೂರು ಸೇರಿಸಬಾರದು. ಮೇಲೆ ಬಿಗಿಯಾಗಿ ಸುತ್ತಬಾರದು, ಶಾಖ ಕೊಡಬಾರದು. ಕೊಟ್ರೆ ಔಷಧಿ ಹೆಚ್ಚಾಗಿ ಒಳಗಿಳಿದು ಚರ್ಮ ಸುಡತ್ತೆ. ಹಚ್ಚಿದ ಮೇಲೆ ಕೈ ತೊಳೀಬೇಕು."

"ಅಷ್ಟು ಹಚ್ಚಿದ್ರೂ ನೋವು ಹೋಗ್ಲಿಲ್ವಲ್ಲ ಅಕ್ಕಾ?" ಪೇಂಟರ್ ಇನ್ನೂ ಸೋತಿರಲಿಲ್ಲ.

"ಒಳಗಿನ ಪೆಟ್ಟು ಮೇಲೆ ಕೋಟ್ ಹೊಡೆದ್ರೆ ಮುಚ್ಚಿಹೋಗಲ್ಲಪ್ಪಾ. ಗೋಡೆ ಬಿರುಕು ಬಿಟ್ಟಿದ್ರೆ ಮೇಲೆ ಬಣ್ಣ ಬಳಿದು ಮನೆಯವರಿಗೆ ಕೊಟ್ಟು ಬರ್ತೀಯಾ?"

"ಛೇ! ಬಿರುಕು ತುಂಬದೇ ಬಳಿಯೋದಾ?" ಅಂದವನು ಬಗ್ಗಿ ತನ್ನ ಭುಜ ನೋಡಿಕೊಂಡ.

"ಹೊಸ ಪೆಟ್ಟಿಗೆ ಮೊದಲ ಎರಡು ದಿನ ಐಸು. ಬಟ್ಟೇಲಿ ಸುತ್ತಿ, ಹತ್ತು ಹದಿನೈದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಬಿಸಿ ಶಾಖ ಹಳೇ ಬಿಗಿತಕ್ಕೆ, ಅದೂ ಮುಲಾಮು ಹಚ್ಚದೇ ಇದ್ದಾಗ, ಬಟ್ಟೆ ಸುತ್ತಿ. ಹೊಟ್ಟೆಗೆ ಏನಾದ್ರೂ ಮಾತ್ರೆ ತಗೋತಿದ್ಯಾ?"

"ಇವಳು ಕೊಟ್ಟದ್ದು. ದಿನಕ್ಕೆರಡು."

ಅವಳು ಚೀಲದಿಂದ ಮಾತ್ರೆಯ ಪಟ್ಟಿಯನ್ನೂ ಟ್ಯೂಬನ್ನೂ ತೆಗೆದು ಮೇಜಿನ ಮೇಲಿಟ್ಟಳು. ನರ್ಸಕ್ಕ ಎರಡನ್ನೂ ಪಕ್ಕಪಕ್ಕ ಹಿಡಿದು ಸಣ್ಣಕ್ಷರ ತೋರಿಸಿದರು. ಎರಡರ ಮೇಲೂ ಒಂದೇ ಔಷಧಿಯ ಹೆಸರು.

"ಮೇಲೂ ಅದೇ, ಒಳಗೂ ಅದೇ. ಹೊಟ್ಟೆ ಉರಿ ಇದೆಯಾ?"

"ಇದೆ" ಎಂದ ಅವನು.

ಅವಳ ಮುಖ ಸಪ್ಪಗಾಯಿತು. ವಾರವಿಡೀ ಬೈದವಳು ಅವಳು, ಆದರೆ ಗೊಣಗಾಟ ನಿಲ್ಲಲಿ ಅಂತ ತನಗೆ ಬರೆದುಕೊಟ್ಟ ಮಾತ್ರೆ ಅವನಿಗೆ ತಿನ್ನಿಸಿದವಳೂ ಅವಳೇ. "ನಾನೂ ಓದಿ ನೋಡ್ಲಿಲ್ಲ ಅಕ್ಕಾ, ತಪ್ಪಾಯ್ತು" ಎಂದಳು.

"ಮಾತ್ರೆ ನಿಲ್ಸಿ. ಬಿಪಿ, ಕಿಡ್ನಿ ತೊಂದರೆ, ಅಸ್ತಮಾ ಇರೋರು, ಗರ್ಭಿಣಿಯರಂತೂ ಮುಲಾಮಿಗೂ ಮೊದಲು ಡಾಕ್ಟರನ್ನ ಕೇಳ್ಬೇಕು. ಈಗ ಈ ಕೈ ಮೇಲೆ ಏಳ್ತಿಲ್ಲ. ಇದು ಮುಲಾಮಿನ ಕೆಲಸ ಅಲ್ಲ."

ಡಾಕ್ಟರು ಅಂದೇ ನೋಡಿದರು, ಸ್ಕ್ಯಾನ್ ಮಾಡಿಸಿದರು. ಭುಜದ ಸ್ನಾಯು ಅರ್ಧ ಹರಿದಿತ್ತು. ನೋವು ಮರೆಸಿಕೊಂಡು ಭಾನುವಾರ ಆಡಿದ್ದರೆ ಪೂರ್ತಿ ಹರಿಯಬಹುದಿತ್ತು ಎಂದರು. ಆಟವೂ ಬಂದ್, ಏಣಿಯೂ ಬಂದ್, ಹೇಳಿಕೊಟ್ಟ ವ್ಯಾಯಾಮ ಮಾತ್ರ.

ಮಾರನೇ ದಿನ ಅವನು ಮೈದಾನದ ಪಕ್ಕ ಕೂತು ಆಟ ನೋಡಿದ. ಲಂಬು ಕುಂಟುತ್ತ ಬಂದು, "ಮಂಡಿ ಹಿಡ್ಕೊಂಡಿದೆ ಗುರೂ. ನೀನು ನಿನ್ನೆ ಫೋನಲ್ಲಿ ಹೇಳಿದ್ಯಲ್ಲ, ಆ ಪ್ಲಾಸ್ಟಿಕ್ ಐಡಿಯಾ ಹೆಂಗೆ, ಕೆಲಸ ಮಾಡ್ತಾ?" ಅಂದ.

ಪೇಂಟರ್ ಅಂಗಿ ಜಾರಿಸಿ ಭುಜ ತೋರಿಸಿದ. "ಮೊದಲು ಆ ಬಾಟಲಿ ಎಸಿ. ಆಟ ನಿಲ್ಸು. ನರ್ಸಕ್ಕನ ಹತ್ರ ನಡಿ, ನಾನೇ ಬರ್ತೀನಿ."

ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವಳು ಮತ್ತೆ ಟೇಪು ಹಿಡಿದಳು. "ಕೈ ಎತ್ತಿ." ಎರಡೂ ಕೈ ನೆಟ್ಟಗೆ ಮೇಲೆ ಹೋದವು. ಅವಳು ಅಳೆಯುವುದನ್ನೂ ಮರೆತು ಸುಮ್ಮನೆ ನೋಡುತ್ತ ನಿಂತಳು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಮೈ ಬಗ್ಗಿಸಿ ದುಡಿಯುವವರೇ, ಓಡುವವರೇ, ಆಡುವವರೇ, ಈಗಲೇ ಎದ್ದು ನಿಮ್ಮ ಮನೆಯ ಮುಲಾಮಿನ ಡಬ್ಬಿ ತೆಗೆದು ಸಣ್ಣಕ್ಷರ ಓದಿ. ಒಂದೇ ಮುಲಾಮು, ತೆಳ್ಳಗೆ, ಗಾಯವಿಲ್ಲದ ಚರ್ಮಕ್ಕೆ ಹಚ್ಚಿ. ಉರಿದು ಕೆಂಪಾದರೆ ತೊಳೆದು ನಿಲ್ಲಿಸಿ. ಊತ, ಜೋಮು ಇದ್ದರೆ, ಕೈಕಾಲು ಎತ್ತಲಾಗದಿದ್ದರೆ ಆ ದಿನವೇ ಡಾಕ್ಟರನ್ನು ಕಾಣಿ. ಸಾಮಾನ್ಯ ನೋವೂ ವಾರದಲ್ಲಿ ಇಳಿಯದಿದ್ದರೆ ಹೋಗಿ ತೋರಿಸಿ. ಗೋಡೆ ಕೆಟ್ಟರೆ ಕೆರೆದು ಮತ್ತೆ ಬಳಿಯಬಹುದು. ನಿಮ್ಮ ಭುಜ ಗೋಡೆಯಲ್ಲ.