ಮಡಿಯಲ್ಲಿ ಎತ್ತಿದ ಫೋನು

ಇಂಗ್ಲಿಷಿನಲ್ಲಿ ಏನೇ ಬರೆದರೂ ಹೆಂಡತಿಗೆ ಒಮ್ಮೆ ತೋರಿಸದೆ ಕಳಿಸುವ ಧೈರ್ಯ ನಿರಂಜನನಿಗಿಲ್ಲ. ಗೌತಮಿ ಹದಿನೆಂಟು ವರ್ಷ ಯಲಹಂಕದ ಶಾಲೆಯೊಂದರಲ್ಲಿ ಪಾಠ ಹೇಳಿದವಳು. ಒಂದು ಕಾಮಾ ತಪ್ಪಿದರೂ ಅವಳ ಕಣ್ಣು ಅಲ್ಲೇ ನಿಲ್ಲುತ್ತದೆ. ಹಾಗಾಗಿ ಆ ಶನಿವಾರ ಬೆಳಿಗ್ಗೆ, ಸಹಕಾರನಗರದ ಮನೆಯ ಊಟದ ಮೇಜಿನ ಮೇಲೆ ಎರಡು ಹಾಳೆ ಇಟ್ಟು, "ಸೋಮವಾರ ವಿಚಾರಣಾ ಸಮಿತಿ ಮುಂದೆ ಕೊಡ್ಬೇಕು. ಸ್ವಲ್ಪ ನೋಡು," ಎಂದ.

ಮೂರು ತಿಂಗಳ ಹಿಂದೆ ಬಂಗಾಳ ಕೊಲ್ಲಿಯಲ್ಲಿ ಕಂಪನಿಯ ತೈಲಬಾವಿ ಕೊರೆಯುವ ರಿಗ್ ಸ್ಫೋಟಿಸಿ ಒಂಬತ್ತು ಜನ ಸತ್ತಿದ್ದರು. ಸಮುದ್ರದ ಗಾಳಿಯೂ ಸುಳಿಯದ ಹೆಬ್ಬಾಳದಲ್ಲಿ, ಆರನೇ ಮಹಡಿಯ ಎಸಿಯಲ್ಲಿ ಕೂತು ಆ ರಿಗ್‌ನ ಪ್ರತಿ ಹೆಜ್ಜೆಗೂ ಒಪ್ಪಿಗೆ ಕೊಡುವುದು ನಿರಂಜನನ ಕೆಲಸ. ಕೊರೆದ ಬಾವಿಯ ತಳಕ್ಕೆ ಸಿಮೆಂಟ್ ತುಂಬಿದ ಮೇಲೆ ಒತ್ತಡದ ಪರೀಕ್ಷೆ ಮಾಡುತ್ತಾರೆ. ಒತ್ತಡ ಸೊನ್ನೆಗೆ ಇಳಿದು ಅಲ್ಲೇ ನಿಂತರೆ ಬಾವಿ ಭದ್ರ. ಇಳಿಯದಿದ್ದರೆ ಕೆಳಗಿನಿಂದ ಗ್ಯಾಸ್ ಏರುತ್ತಿದೆ ಎಂದರ್ಥ. ಒಲೆಯ ಮೇಲೆ ಕುಕ್ಕರ್ ಇಟ್ಟ ಯಾರಿಗಾದರೂ ತಿಳಿಯುವ ಮಾತು. ಆದರೂ ಆ ದಿನ ಮುಂದಿನ ಕೆಲಸಕ್ಕೆ ನಿರಂಜನನ ಹೆಸರಿನಲ್ಲಿ ಒಪ್ಪಿಗೆ ಹೋಗಿತ್ತು.

ಗೌತಮಿ ಓದುತ್ತಾ ಬಂದಳು. ಎರಡನೇ ಹಾಳೆಯಲ್ಲಿ ಒಂದು ವಾಕ್ಯವಿತ್ತು: ಒತ್ತಡ ಇಳಿದಿಲ್ಲವೆಂಬ ವಿಷಯವನ್ನು ರಿಗ್‌ನ ಪಾಳಿಯ ಹೊಣೆ ಹೊತ್ತಿದ್ದ ಗಿರಿ ದಡದಲ್ಲಿದ್ದ ಯಾರಿಗೂ ತಿಳಿಸಲಿಲ್ಲ.

"ಅವತ್ತು ಗಿರೀದು ಎರಡು ಮಿಸ್ಡ್ ಕಾಲ್ ಇತ್ತಲ್ಲ ನಿಮ್ಮ ಫೋನಲ್ಲಿ?" ಎಂದಳು.

"ಮಿಸ್ಡ್ ಕಾಲ್ ಅಂದ್ರೆ ತಿಳಿಸಿದ ಹಾಗಾಗಲ್ಲ. ಅನುಮಾನ ಬಂದ್ರೆ ಕೆಲಸ ನಿಲ್ಲಿಸೋ ಅಧಿಕಾರ ಅವನಿಗೇ ಇತ್ತು. ಉಪೇಂದ್ರ ಸರ್ ಕೂಡ ಅದನ್ನೇ ಬರೆದಿದ್ದಾರೆ."

ಬರೆಯದೆ ಏನು ಮಾಡುತ್ತಾರೆ! ಉಪೇಂದ್ರ ನಿರಂಜನನ ಮೇಲಧಿಕಾರಿ. ರಿಗ್ ಒಂದು ದಿನ ಸುಮ್ಮನೆ ನಿಂತರೂ ಹೊಟ್ಟೆಯಲ್ಲಿ ಬೆಂಕಿ ಬಿದ್ದವರಂತೆ ಆಡುವ ಮನುಷ್ಯ. ನಿರಂಜನನ ಲಾಗಿನ್ ಬಳಸಿ ಒಪ್ಪಿಗೆ ಒತ್ತಿದವನು ಅವನೇ. ಅದು ಹೊರಗೆ ಬಂದರೆ ಇಬ್ಬರೂ ಮುಳುಗುತ್ತಾರೆ, ಆದ್ದರಿಂದ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಇಲ್ಲಿ ಬರೆ ಎಳೆಸಿಕೊಳ್ಳಬೇಕಾದ ಗಿರಿ ಆಗಲೇ ಸತ್ತಿದ್ದ, ಬೇಡ ಎನ್ನಲು ಅವನಿಗೆ ಬಾಯಿರಲಿಲ್ಲ.

ಆದರೆ ಗಿರಿ ತಿಳಿಸಿದ್ದ. ಆ ಮನೆಯಲ್ಲಿ ಅದು ಗೊತ್ತಿದ್ದದ್ದು ಗೌತಮಿ ಒಬ್ಬಳಿಗೇ.

ಅವತ್ತು ಮಾವನವರ ಶ್ರಾದ್ಧ. ನಿರಂಜನ ರಜೆ ಹಾಕಿದ್ದ, ಆದರೆ ಅವನ ಬದಲಿಗೆ ಕಂಪನಿ ಯಾರನ್ನೂ ಕೂರಿಸಿರಲಿಲ್ಲ. ಸ್ನಾನಕ್ಕೆ ಹೋಗುವ ಮುಂಚೆ, "ಒಪ್ಪಿಗೆ ಕೊಡೋಕೆ ನನ್ನ ಫೋನಿಗೆ ಓಟಿಪಿ ಬರತ್ತೆ. ಉಪೇಂದ್ರ ಸರ್ ನಿನ್ನ ನಂಬರಿಗೆ ಮಾಡ್ತಾರೆ, ಓದಿ ಹೇಳ್ಬಿಡು," ಎಂದು ಹೆಂಡತಿಗೆ ಹೇಳಿ, ಬೆರಳಿಗೆ ದರ್ಭೆಯ ಪವಿತ್ರ ಧರಿಸಿ ವೈದಿಕರೆದುರು ಕೂತ. ಗೌತಮಿ ಮಡಿಯಲ್ಲಿ ವಡೆ ಕರಿಯುತ್ತಿದ್ದಳು. ಅತ್ತೆ ಅಲಮೇಲಮ್ಮ ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು ಮಡಿಯ ಕಾವಲಿಗೆ ಕೂತಿದ್ದರು. ಆ ಎಂಬತ್ತೊಂದರ ಕಣ್ಣಿಗೆ ಕನ್ನಡಕ ಬೇಕಾಗಿರಲಿಲ್ಲ.

ಹನ್ನೊಂದೂವರೆಗೆ ಗೌತಮಿಯ ಫೋನು ಕಪಾಟಿನ ಮೇಲೆ ಹೊಡೆದುಕೊಳ್ಳತೊಡಗಿತು. ಗಿರಿಯ ಹೆಸರು. ಚಿಕ್ಕಬಾಣಾವರದ ಹುಡುಗ, ರಜೆಗೆ ಬಂದಾಗಲೆಲ್ಲ ಹೊಲದ ಅವರೆಕಾಯಿ ಹೊತ್ತು ತಂದು, ಅಕ್ಕಾವ್ರೇ ಎಂದು ಬಾಗಿಲಲ್ಲಿ ನಿಲ್ಲುತ್ತಿದ್ದವನು. ಮೂರನೇ ಸಲ ಬಡಿದಾಗ ಸೌಟಿನ ಹಿಡಿಯಿಂದ ಒತ್ತಿ ನೋಡಿದಳು. ಆ ಫೋನು ಸೌಟಿಗೆ ಬಗ್ಗಲಿಲ್ಲ. ನಡುಮನೆಯತ್ತ ಒಮ್ಮೆ ಕಣ್ಣು ಹಾಯಿಸಿ ಕೈಯಲ್ಲೇ ಎತ್ತಿಕೊಂಡಳು.

"ಅಕ್ಕಾವ್ರೇ, ಸಾರ್ ಫೋನ್ ಎತ್ತುತ್ತಿಲ್ಲ. ಪ್ರೆಶರ್ ಇಳೀತಿಲ್ಲ, ಎರಡು ಸಲ ನೋಡಿದ್ವಿ. ಒಂದ್ನಿಮಿಷ ಸಾರ್‌ಗೆ ತಿಳಿಸ್ತೀರಾ?"

"ತಿಳಿಸ್ತೀನಿ ಇರಪ್ಪ," ಎಂದಳು.

ತಿಳಿಸಬೇಕೆಂದರೆ ಹತ್ತು ಹೆಜ್ಜೆ ನಡೆಯಬೇಕಿತ್ತು. ಆದರೆ ಆ ಹತ್ತು ಹೆಜ್ಜೆಯ ನಡುವೆ ಅತ್ತೆಯ ಕುರ್ಚಿ ಇತ್ತು. ಫೋನು ಮುಟ್ಟಿದೆ ಎಂದು ಗೊತ್ತಾದರೆ ಮತ್ತೆ ತಲೆಗೆ ನೀರು, ಮಾಡಿದ ಅಡುಗೆಯೆಲ್ಲ ಮೈಲಿಗೆ, ಹಸಿದ ವೈದಿಕರು ಕಾಯಬೇಕು. ಎಲೆ ಎತ್ತಿದ ಮೇಲೆ ಹೇಳಿದರಾಯಿತು, ಆಫೀಸಿನವರಿಗೆ ಯಾವಾಗಲೂ ಅವಸರವೇ ಎಂದುಕೊಂಡಳು. ಒಂದು ಗಂಟೆಗೆ ಸ್ವಲ್ಪ ಮುಂಚೆ ಉಪೇಂದ್ರನ ಕರೆ ಬಂತು. ಹೇಗೂ ಒಮ್ಮೆ ಮುಟ್ಟಿಯಾಗಿತ್ತಲ್ಲ. ಗಂಡನ ಫೋನು ನೋಡಿ ಆರು ಅಂಕಿ ಓದಿ ಹೇಳಿದಳು. ಶ್ರಾದ್ಧ ಮುಗಿದಾಗ ಮೂರು ಗಂಟೆ. ಬೆಳಗಿನಿಂದ ಹನಿ ನೀರೂ ಕುಡಿಯದ ಗಂಡನ ಮುಖ ನೋಡಿ, ಮೊದಲು ಉಣ್ಣಲಿ ಎನಿಸಿತು. ಅವನು ಮಜ್ಜಿಗೆಯನ್ನಕ್ಕೆ ಕೈ ಹಾಕಿದಾಗ ಸ್ಫೋಟದ ಸುದ್ದಿ ಬಂತು. ಅಲ್ಲಿಂದ ಮುಂದೆ ಹೇಳುವ ಬಾಯಿ ಅವಳಿಗೆ ಇರಲಿಲ್ಲ.

ಭಾನುವಾರ ಬೆಳಿಗ್ಗೆ ತರಕಾರಿಗೆ ಎಂದು ಹೊರಟ ಗೌತಮಿ ಆಟೋ ಹಿಡಿದು ಚಿಕ್ಕಬಾಣಾವರಕ್ಕೆ ಹೋದಳು. ಏಕೆ ಹೊರಟೆನೆಂದು ಅವಳಿಗೇ ಸ್ಪಷ್ಟವಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವಳ ಹೆಗಲನ್ನು ಯಾರೂ ನೋಡುತ್ತಿರಲಿಲ್ಲ, ಅದೇ ಅವಳಿಗೆ ತಡೆಯಲಾರದ ಹಿಂಸೆಯಾಗಿತ್ತು.

ಗಿರಿಯ ಹೆಂಡತಿ ಮಂಜುಶ್ರೀ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕೈ ಒರೆಸಿಕೊಂಡು ಬಂದು ಚಾಪೆ ಹಾಕಿದಳು. ಒಳಗೆ ಮಾವ ಚಿಕ್ಕಬೈರಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದರು.

"ಮಾವ ಬೀದಿಗೇ ಓಗಲ್ಲ ಅಕ್ಕಾ," ಎಂದಳು ಮಂಜುಶ್ರೀ. "ಟೀ ಅಂಗಡೀಲಿ ಯಾರೋ ಕೇಳಿದ್ರಂತೆ, ನಿನ್ ಮಗನಿಂದ್ಲೇ ಉಳಿದ್ ಎಂಟು ಜನ ಸತ್ರಂತಲ್ಲ ಬೈರಪ್ಪ ಅಂತ. ಅವತ್ತಿಂದ ಇಂಗೇ."

ಗೌತಮಿ ಕೇಳಿದಳು: "ಗಿರಿ ಅವತ್ತು ನಿನಗೇನಾದ್ರೂ ಹೇಳಿದ್ನಾ?"

"ಮದ್ಯಾನ ಒಂದೂವರೆಗೆ ಮಾಡಿದ್ರು. ಬೆಳಿಗ್ಗೆ ಭಯ ಆಗಿತ್ತು ಕಣೆ, ಈಗಿಲ್ಲ ಅಂದ್ರು. ಸಾರ್ ಮನೇಲಿ ತಿಥಿ, ಆದ್ರೂ ಅಕ್ಕಾವ್ರು ತಿಳಿಸವ್ರೆ, ಸಾರ್ ನೋಡಿ ಒಪ್ಗೆ ಕೊಟ್ಟವ್ರೆ, ಅವರ ಎಸ್ರಲ್ಲೇ ಬಂದದೆ, ಸಾರ್ ನೋಡಿದ್ಮೇಲೆ ಇನ್ನೇನು ಅಂದ್ರು."

ಇಷ್ಟು ದಿನ ಗೌತಮಿ ತನ್ನ ತಪ್ಪನ್ನು ಮರೆವು ಎಂದು ಕರೆದುಕೊಂಡಿದ್ದಳು. ಅವಳ 'ತಿಳಿಸ್ತೀನಿ'ಯೂ ಅವಳು ಓದಿದ ಆರು ಅಂಕಿಯೂ ರಿಗ್‌ನಲ್ಲಿ ಒಂದಕ್ಕೊಂದು ಸೇರಿ, ಕೆಲಸ ನಿಲ್ಲಿಸಬೇಕೆಂದಿದ್ದ ಒಬ್ಬನಿಗೆ ಧೈರ್ಯ ತುಂಬಿದ್ದವು. ಆ ಧೈರ್ಯವೇ ಅವನನ್ನು ಕೊಂದಿತ್ತು.

"ಇದನ್ನ ಯಾರಿಗೂ ಯಾಕೆ ಹೇಳಲಿಲ್ಲ ನೀನು?"

"ಯಾರು ಕೇಳಿದ್ರು? ಸಾರ್ ಒಳ್ಳೇವ್ರು, ಅವರೇ ಏಳ್ತಾರೆ ಅಂತ ಮಾವ ಅಂದ್ರು."

"ಮಂಜುಶ್ರೀ, ನಾನು ಅವರಿಗೆ ತಿಳಿಸಲೇ ಇಲ್ಲ."

ಮಂಜುಶ್ರೀ ಅವಳ ಮುಖವನ್ನೇ ನೋಡಿದಳು. "ಯಾಕೆ?"

ಮಡಿಯಲ್ಲಿದ್ದೆ ಎಂದು ಗೌತಮಿ ಹೇಳಬೇಕಾಯಿತು. ಇಡೀ ಜನ್ಮದಲ್ಲಿ ಯಾವ ಮಾತಿಗೂ ಅವಳಿಗೆ ಅಷ್ಟು ನಾಚಿಕೆಯಾಗಿರಲಿಲ್ಲ. ಮಂಜುಶ್ರೀ ಅಳಲಿಲ್ಲ, ಬಯ್ಯಲೂ ಇಲ್ಲ. "ನನ್ ಮುಂದೆ ಏಳಿದ್ರೆ ಏನ್ ಬಂತು? ಕೇಳೋರ ಮುಂದೆ ಏಳಿ," ಎಂದು ಬಟ್ಟೆಯ ಕಲ್ಲಿನ ಹತ್ತಿರ ಎದ್ದು ಹೋದಳು. ಗೌತಮಿ ತಾನೇ ಗೇಟು ಹಾಕಿಕೊಂಡು ಬಂದಳು.

ಮನೆಯಲ್ಲಿ ನಿರಂಜನ ಅದೇ ಹಾಳೆಗಳ ಮುಂದೆ ಕೂತಿದ್ದ. ಅವಳು ನಿಂತೇ ಎಲ್ಲವನ್ನೂ ಹೇಳಿದಳು. ಅವನ ಮುಖದಲ್ಲಿ ಮೊದಲು ಕಂಡದ್ದು ಸಿಟ್ಟು, ಆಮೇಲೆ ಹೆದರಿಕೆ.

"ನಿನ್ನ ಹೆಸರು ಯಾರೂ ಕೇಳಿಲ್ಲ ಗೌತಮಿ. ನೀನೇ ಯಾಕೆ ಹೋಗಿ ಸಿಕ್ಕಿಹಾಕ್ಕೋತೀಯ? ನನ್ನ ಕೆಲಸ ಹೋಗೋದಷ್ಟೇ ಅಲ್ಲ, ಕೇಸಾಗತ್ತೆ."

"ಆಗ್ಲಿ. ಅವನು ತಿಳಿಸಿದ್ದ. ಆ ವಾಕ್ಯ ಸುಳ್ಳು."

"ನಂಗೆ ಗೊತ್ತಿರಲಿಲ್ವಲ್ಲ! ನೀನು ಆಗ್ಲೇ ಹೇಳಿದ್ರೆ ನಾನು ಎದ್ದು ಬಂದು ನಿಲ್ಲಿಸಿರ್ತಿದ್ದೆ."

ಆ ಮಾತು ನೇರ ಅವಳ ಎದೆಗೆ ನಾಟಿತು. ಕುರ್ಚಿ ಎಳೆದು ಅವನೆದುರು ಕೂತಳು. ಮದುವೆಯಾಗಿ ಇಪ್ಪತ್ತಮೂರು ವರ್ಷ, ಸುಳ್ಳು ಹೇಳುವಾಗ ಅವನ ಕಣ್ಣು ಎಲ್ಲಿಗೆ ಹೋಗುತ್ತದೆಂದು ಅವಳಿಗೆ ಗೊತ್ತು.

"ನಿಜ ಹೇಳಿ. ಪಿಂಡ ಅರ್ಧಕ್ಕೆ ಬಿಟ್ಟು, ಪವಿತ್ರ ತೆಗೆದಿಟ್ಟು, ಅಮ್ಮನ ಎದುರಿಗೆ ಎದ್ದು ಬಂದಿರ್ತಿದ್ರಾ? ಅಥವಾ ಉಪೇಂದ್ರ ಸರ್ ನೋಡ್ಕೋತಾರೆ, ಆಮೇಲೆ ಮಾತಾಡ್ತೀನಿ ಅಂತಿದ್ರಾ?"

ಒಳಗಿನ ಕೋಣೆಯಲ್ಲಿ ಅಲಮೇಲಮ್ಮ ಕೆಮ್ಮಿದ್ದು ಕೇಳಿಸಿತು. ನಿರಂಜನ ಎರಡು ಕೈಯಿಂದಲೂ ಮುಖ ಉಜ್ಜಿಕೊಂಡ.

"ಗೊತ್ತಿಲ್ಲ," ಎಂದ.

ಗೌತಮಿ ಆ ಎರಡನೇ ಹಾಳೆಯನ್ನು ಹರಿದು, ಹೊಸದೊಂದು ಹಾಳೆಯನ್ನು ಅವನ ಮುಂದಿಟ್ಟಳು.

"ಗಿರಿ ಹೇಳಿದ್ದನ್ನ ನಾನು ನಿಮಗೆ ತಿಳಿಸಲಿಲ್ಲ ಅನ್ನೋದನ್ನ ಮೊದಲು ಬರೀರಿ. ಆಮೇಲೆ ಓಟಿಪಿ ವಿಷಯ. ಕೊನೇಲಿ ಇದನ್ನೂ ಬರೀರಿ, ತಿಳಿಸಿದ್ರೂ ಎದ್ದಿರ್ತಿದ್ನೋ ಇಲ್ವೋ ನಂಗೆ ಗೊತ್ತಿಲ್ಲ ಅಂತ."