ಮೂಕ ರೈಲಿಗೆ ದನಿ

"ಅಪ್ಪಾ, ಇದು ಮೂಕ ಅದ. ಖರೇ ರೈಲು ಹೆಂಗ ಒದರ್ತದ?"

ಪಡಸಾಲೆಯ ನೆಲದ ಮೇಲೆ ಬೋರಲಾಗಿ ಮಲಗಿದ್ದ ಜಯದೇವಿ ತಲೆಯೆತ್ತಿ ಕೇಳಿದಳು. ಅವಳ ಮುಂದೆ ದುಂಡನೆಯ ಹಳಿಯ ಮೇಲೆ ತಗಡಿನ ರೈಲು ಸುತ್ತುತ್ತಿತ್ತು. ಸೋದರಮಾವ ಸೂಗಪ್ಪ ಹೈದರಾಬಾದಿನಿಂದ ತಂದುಕೊಟ್ಟದ್ದು. ಕೀಲಿ ತಿರುವಿ ಬಿಟ್ಟರೆ ಓಡುತ್ತಿತ್ತು. ಸಣ್ಣಗೆ ಕಿರ್ರೆನ್ನುವುದು ಬಿಟ್ಟರೆ ಸದ್ದಿಲ್ಲ.

ಅಪ್ಪ ನೀಲಕಂಠ ಮೀಸೆ ತಿರುವಿದ. ಕಮಲಾಪುರದ ಆ ಓಣಿಯಲ್ಲಿ ರೈಲು ಹತ್ತಿದವನು ತಾನೊಬ್ಬನೇ ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದವನು ಅವನು. ಓಣಿಯ ಮಕ್ಕಳೆಲ್ಲ ಅವನ ಬಾಯಿಯನ್ನೇ ನೋಡುತ್ತಿದ್ದರು. ಎರಡೂ ಕೈ ಬಾಯಿಗಿಟ್ಟು ಕೂಗಿದ.

"ಕಾಕಾ, ಅದು ನವಿಲು!" ಎಂದು ಜುಬೇದಾ ಬಿದ್ದು ಬಿದ್ದು ನಕ್ಕಳು. ಕಲಬುರಗಿಯ ಸ್ಟೇಶನ್ ಬಜಾರದ ಹಣ್ಣಿನ ವ್ಯಾಪಾರಿ ಫಕ್ರುದ್ದೀನನ ಮಗಳು ಅವಳು; ಬಾಳೆತೋಟ ನೋಡಲು ಬಂದ ಅಪ್ಪನ ಜೊತೆ ಬಂದಿದ್ದಳು. ಮಕ್ಕಳೆಲ್ಲ ನಕ್ಕರು. ಜಯದೇವಿ ಮಾತ್ರ ನಗಲಿಲ್ಲ.

"ನಮ್ಮಪ್ಪ ಹತ್ತಿ ಭಾಳ ದಿನ ಆಗ್ಯಾದ. ಮರ್ತಾನ, ಅಷ್ಟೇ," ಎಂದಳು ಗಟ್ಟಿಯಾಗಿ.

ಅವಳೂ ನಕ್ಕಿದ್ದರೆ ನೀಲಕಂಠನಿಗೆ ಅಷ್ಟು ನೋಯುತ್ತಿರಲಿಲ್ಲ. ಹಿಂದೊಮ್ಮೆ ವಾಡಿಯ ನೆಂಟರ ಮದುವೆಗೆಂದು ಹೊರಟವನು, ಇಂಜಿನ್ನು ಬುಸ್ಸೆಂದ ಸದ್ದಿಗೇ ಕಿವಿ ಮುಚ್ಚಿಕೊಂಡು ಸ್ಟೇಶನ್ನಿನಿಂದ ಓಡಿ ಬಂದಿದ್ದ. ಮದುವೆ ಮುಗಿಯುವ ತನಕ ಕಲಬುರಗಿಯಲ್ಲೇ ಉಳಿದು ಊರಿಗೆ ಮರಳಿದ್ದ. ಉಳಿದದ್ದೆಲ್ಲ ಕಟ್ಟಿ ಹೇಳಿದ ಕಥೆ.

ಮುಂದಿನ ಸಲ ಕೆಂಪು ಬಾಳೆಗೊನೆ ಹೇರಿದ ಬಂಡಿಯನ್ನು ತಾನೇ ಹೊಡೆದುಕೊಂಡು ಕಲಬುರಗಿಗೆ ಹೋದ. ಗೊನೆ ಇಳಿಸಿದ ಮೇಲೆ ಫಕ್ರುದ್ದೀನನನ್ನು ಅಂಗಡಿಯ ಹಿಂದೆ ಕರೆದು, ಮಗಳು ರೈಲಿನ ದನಿ ಕೇಳಿದ್ದನ್ನು ಹೇಳಿದ.

"ಫಕ್ರುಭಾಯಿ, ನಾ ಇವತ್ತಿನ ತನಕ ರೈಲು ಹತ್ತೇ ಇಲ್ಲ."

"ಏ! ವಾಡಿ ಸ್ಟೇಶನ್ದಾಗ ಚಹಾ ಕುಡ್ದೆ ಅಂತ ನನಗೇ ಹೇಳಿದ್ದೆಲ್ಲೋ?"

"ಚಹಾ ಕುಡ್ದಿದ್ದು ಖರೇ. ಇಲ್ಲೇ, ನಿನ್ನ ಅಂಗಡಿ ಎದುರಿಗೆ."

ಫಕ್ರುದ್ದೀನ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆಮೇಲೆ ಟೊಪ್ಪಿಗೆ ಸರಿಮಾಡಿಕೊಂಡು ಎದ್ದ. "ನಡಿ. ಷಹಾಬಾದ ತನಕ ಹೋಗಿ ಬರೋಣ."

ರೈಲು ಬಂತು. ನೆಲ ನಡುಗಿತು, ನೀಲಕಂಠನ ಕೈಗಳು ಕಿವಿಗೆ ಹೋದವು. ಹಿಂದೆ ಸರಿಯುವಷ್ಟರಲ್ಲಿ ಫಕ್ರುದ್ದೀನ್ ಅವನ ರಟ್ಟೆ ಹಿಡಿದ.

"ಕಿವಿ ಮುಚ್ಚಬ್ಯಾಡೋ ಮಾರಾಯ! ಮಗಳಿಗಿ ಒಯ್ಯೋದು ಅದೇ ಅದ."

ಡಬ್ಬಿಯೊಳಗೆ ಕುಳಿತ ಮೇಲೆ ಅವನು ಕೇಳುತ್ತಲೇ ಇದ್ದ. ಹೊರಡುವಾಗ ಇಂಜಿನ್ನು ಏದುಸಿರು ಬಿಡುತ್ತದೆ, ಬರಬರುತ್ತ ಉಸಿರು ಹಗುರಾಗುತ್ತದೆ. ಸೀಟಿಯಲ್ಲಿ ಒಂದಲ್ಲ, ಎರಡು ದನಿ ಕೂಡಿವೆ. ಸೇತುವೆ ಬಂದಾಗ ಕೆಳಗೆಲ್ಲ ಟೊಳ್ಳಾದಂತೆ ಸದ್ದು ದಪ್ಪವಾಗುತ್ತದೆ. ಷಹಾಬಾದ ಬಂದಾಗ, ಇಷ್ಟು ಬೇಗ ಬಂತೇ ಎಂದು ಅವನಿಗೇ ಅನಿಸಿತು.

ಊರಿಗೆ ಬಂದವನೇ ಕೆಲಸಕ್ಕಿಳಿದ. ಒಂದು ಉದ್ದ, ಒಂದು ಗಿಡ್ಡ ಬಿದಿರಿನ ಕೊಳವೆ ಕೆತ್ತಿ, ಜೋಡಿಸಿ ಕಟ್ಟಿ ಸೀಟಿ ಮಾಡಿದ. ಹಿಟ್ಟು ನಾದುವ ಹಿತ್ತಾಳೆಯ ಪರಾತವನ್ನು ಬೋರಲು ಹಾಕಿ ಅದರ ಮೇಲೆ ಹಳಿ ಹಾಯಿಸಿದ, ಅದೇ ಸೇತುವೆ. ಮೊರದಲ್ಲಿ ಜೋಳ ಹಾಕಿ ಹೆಂಡತಿ ಶಿವಕಾಂತಮ್ಮನ ಕೈಗೆ ಕೊಟ್ಟ. "ಮೊದಲ ಸಾವಕಾಶ ಅಲುಗಾಡ್ಸು. ಆಮ್ಯಾಲ ಜೋರು."

"ಅಡಿಗಿ ಯಾರು ಮಾಡ್ತಾರ?" ಎಂದು ಅವಳು ಗೊಣಗಿದಳು, ಆದರೆ ಮೊರ ಬಿಡಲಿಲ್ಲ.

ಓಣಿಯ ಮಕ್ಕಳು ಸುತ್ತ ಕುಳಿತರು. ನೀಲಕಂಠ ಮಗಳ ಪಕ್ಕ ಮಂಡಿಯೂರಿದ.

"ಜಯಾ, ನಾ ಮೊದಲು ಹೇಳಿದ್ದೆಲ್ಲ ಸುಳ್ಳವ್ವಾ. ಹತ್ತಿದ್ದು ಮೊನ್ನೆನೇ."

ಮಕ್ಕಳು ಮುಖ ಮುಖ ನೋಡಿಕೊಂಡರು. ಜಯದೇವಿ ಅವನನ್ನು ದಿಟ್ಟಿಸಿದಳು.

"ಅಂಜಿಕಿ ಆಗಿತ್ತೇನು?"

"ಭಾಳ."

"ಮತ್ತ ಹತ್ತಿದೆಲ್ಲ?"

"ಹತ್ತಿದೆ."

ಅವಳು ಸ್ವಲ್ಪ ಯೋಚಿಸಿ ರೈಲನ್ನು ಅವನ ಕೈಗಿಟ್ಟಳು. "ಹಂಗಾರ ಕೀಲಿ ನೀ ಕೊಡು. ಸೀಟಿ ನಾ ಊದ್ತೀನಿ."

ರೈಲು ಹೊರಟಿತು. ಮೊರದ ಜೋಳ ಮೆಲ್ಲಗೆ ಉಸಿರೆಳೆಯಿತು, ಆಮೇಲೆ ಜೋರಾಯಿತು. ಪರಾತ ಗುಡುಗಿತು. ಜಯದೇವಿ ಕೆನ್ನೆ ಉಬ್ಬಿಸಿ ಊದಿದಾಗ ಎರಡು ದನಿ ಒಂದಾಗಿ ಮನೆ ತುಂಬಿತು. ಕಲಬುರಗಿಯನ್ನೇ ನೋಡಿರದ ಶಿವಕಾಂತಮ್ಮ ಒಂದು ಕೈಯಲ್ಲಿ ಮೊರ ಅಲುಗಾಡಿಸುತ್ತ, ಬೀಳದಂತೆ ಇನ್ನೊಂದು ಕೈಯಲ್ಲಿ ಪಡಸಾಲೆಯ ಕಂಬವನ್ನು ಬಿಗಿಯಾಗಿ ಹಿಡಿದುಕೊಂಡಳು.